ಮಕ್ಕಳಿಗೆ ಉಣುಗಿನ ಮಿದುಳು ಜ್ವರ: ‘ಬಂದು ಹೋಗುತ್ತದಂತೆ’ ಅಂದವರು ಯಾರು?

ಪ್ರಶ್ನೆ: ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ನಾಲ್ಕು ವರ್ಷದ ಮಗಳಿಗೆ ಎಫ್‌ಎಸ್‌ಎಂಇ (ಉಣುಗಿನ ಮಿದುಳು ಜ್ವರ) ಲಸಿಕೆ ಹಾಕಿಸಿ ಅಂತ ಡಾಕ್ಟರು ಹೇಳುತ್ತಿದ್ದಾರೆ. ಮಕ್ಕಳಿಗಾದರೆ ಈ ಕಾಯಿಲೆ ಸಾದಾ ಜ್ವರದ ಹಾಗೆ ಬಂದು ಹೋಗುತ್ತದಂತೆ. ಮತ್ತೆ ಲಸಿಕೆ ಯಾಕೆ?

ಏಪ್ರಿಲ್ ಬಂತು, ಈ ಪ್ರಶ್ನೆಯೂ ಬಂತು. ಹೋದ ವರ್ಷದ ಉತ್ತರವನ್ನೇ ಮತ್ತೆ ಕಳಿಸೋಣ ಅಂದುಕೊಂಡೆ. ಆದರೆ ಆ ‘ಹೋಗುತ್ತದಂತೆ’ಯನ್ನು ಈ ಸಲ ಸುಮ್ನೆ ಬಿಡುವುದಿಲ್ಲ.

ಮೊದಲು ಚುಟುಕಾಗಿ: ಹಾಕಿಸಿ. ನೀವಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ, ಪಕ್ಕದ ಬವೇರಿಯಾದ ಬಹುಪಾಲು ಅಪಾಯದ ಪ್ರದೇಶ ಎಂದೇ ಗುರುತಾಗಿದೆ. ಒಂದು ವರ್ಷ ತುಂಬಿದ ಮಕ್ಕಳಿಗೆ ಬೇರೆ ಡೋಸ್ ಇದೆ. ಮೂರು ಚುಚ್ಚುಮದ್ದು, ಅದಾಗಿ ಮೂರು ವರ್ಷಕ್ಕೆ ಬೂಸ್ಟರ್. ಉಣುಗು ಕಚ್ಚಿದ ಮೇಲೆ ಓಡಿಹೋಗಿ ಹಾಕಿಸಿದರೆ ಆ ಕಡಿತಕ್ಕೆ ಪ್ರಯೋಜನವಿಲ್ಲ. ‘ತಕ್ಷಣ ಕಿತ್ತು ಹಾಕಿದ್ವಿ’ ಅನ್ನುವುದೂ ಭರವಸೆಯಲ್ಲ. ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆಯಾದ ಲೈಮ್‌ನ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ಹೊರಟು ನಮ್ಮ ಮೈ ಸೇರಲು ಗಂಟೆಗಟ್ಟಲೆ ಹಿಡಿಯುತ್ತದೆ. ಆದರೆ ಮಿದುಳು ಜ್ವರದ ವೈರಸ್ ಇರುವುದು ಉಣುಗಿನ ಎಂಜಲಿನಲ್ಲೇ. ಕಚ್ಚಿದ ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗಬಲ್ಲದು. ಆದರೂ ಬೇಗ ಕೀಳಿ, ಲೈಮ್‌ ಆದರೂ ತಪ್ಪೀತು. ಚಿಮುಟದಿಂದ ಕೀಳಿ, ಕೊಬ್ಬರಿ ಎಣ್ಣೆ ಬೇಡ.

ಈಗ ಆ ‘ಅಂತೆ’ಗೆ ಬರೋಣ. ದೊಡ್ಡವರಿಗೆ, ಅದರಲ್ಲೂ ವಯಸ್ಸಾದವರಿಗೆ, ಈ ಕಾಯಿಲೆ ಜೋರಾಗಿಯೇ ಬರುತ್ತದೆ. ಮಿದುಳೇ ಊದಿಕೊಳ್ಳಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಮಕ್ಕಳಲ್ಲಿ ಹೆಚ್ಚಾಗಿ ಮಿದುಳಿನ ಹೊದಿಕೆಯಷ್ಟೇ ಊದುತ್ತದೆ, ಸಾವು ಅಪರೂಪ. ಪುಸ್ತಕಗಳು ‘ದೊಡ್ಡವರಿಗಿಂತ ಸೌಮ್ಯ’ ಅಂದಿದ್ದು ಇಷ್ಟಕ್ಕೇ. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ದೊಡ್ಡವರಿಗಿಂತ’ ಬಿದ್ದುಹೋಯಿತು. ಆಮೇಲೆ ‘ಸೌಮ್ಯ’ ಹೋಗಿ ‘ಏನೂ ಆಗಲ್ಲ’ ಆಯಿತು!

ಸ್ವೀಡನ್ನಿನ ವೈದ್ಯರು ಈ ಕಾಯಿಲೆಯಿಂದ ಎದ್ದ ಮಕ್ಕಳನ್ನು ವರ್ಷಗಳ ನಂತರ ಮತ್ತೆ ಕರೆಸಿ ನೋಡಿದರು. ಪೂರ್ತಿ ಗುಣವಾಗದ ಮಕ್ಕಳು ಒಬ್ಬಿಬ್ಬರಲ್ಲ, ಬಹಳ ಮಂದಿ. ಪದೇ ಪದೇ ತಲೆನೋವು, ಬೇಗ ಸುಸ್ತು, ಸಿಡುಕು, ಮರೆವು. ಪರೀಕ್ಷೆ ಮಾಡಿದಾಗ ಹೆಚ್ಚು ಪೆಟ್ಟು ತಿಂದಿದ್ದು ಕೆಲಸದ ನೆನಪು (ವರ್ಕಿಂಗ್ ಮೆಮೊರಿ). ಅಂದರೆ, ಟೀಚರು ‘ಪುಸ್ತಕ ತೆಗಿ, ಹನ್ನೆರಡನೇ ಪುಟ, ಮೂರನೇ ಲೆಕ್ಕ’ ಅಂದರೆ, ಪುಸ್ತಕ ತೆಗೆಯುವಷ್ಟರಲ್ಲಿ ಪುಟವೂ ಲೆಕ್ಕವೂ ತಲೆಯಿಂದ ಹಾರಿಹೋಗುವುದು.

ಇದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕಾಣುವುದಿಲ್ಲ. ಮಗು ಓಡಾಡುತ್ತದೆ, ಉಣ್ಣುತ್ತದೆ, ನಗುತ್ತದೆ. ಕಾಣುವುದು ಶಾಲೆಯ ಕೆಲಸ ಜಾಸ್ತಿಯಾದಾಗ. ಅಷ್ಟರಲ್ಲಿ ಜ್ವರ ಬಂದಿದ್ದೇ ಎಲ್ಲರಿಗೂ ಮರೆತಿರುತ್ತದೆ. ‘ಸೋಮಾರಿ’ ಅಂತಲೋ ‘ಮೊಬೈಲ್ ಜಾಸ್ತಿಯಾಯ್ತು’ ಅಂತಲೋ ಬೈಗುಳ ಶುರು. ‘ನನ್ನ ನೆನಪು ಮೊದಲಿನ ಹಾಗಿಲ್ಲ’ ಅಂತ ಆರು ವರ್ಷದ ಮಗು ಹೇಳುತ್ತದಾ? ಚಿಕ್ಕ ಮಕ್ಕಳಲ್ಲಿ ಕಾಯಿಲೆಯ ಲಕ್ಷಣಗಳೂ ಮಸುಕು: ಜ್ವರ, ವಾಂತಿ, ತಲೆನೋವು, ಮಂಕು. ಮೊದಲ ಜ್ವರ ಬಿಟ್ಟು, ಒಂದು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಏರಿದರೆ ಉಣುಗಿನ ಕಡಿತದ ವಿಷಯವನ್ನು ಡಾಕ್ಟರಿಗೆ ನೀವೇ ಹೇಳಿ. ವೈರಸ್ಸನ್ನು ಕೊಲ್ಲುವ ಔಷಧಿಯಂತೂ ಇಲ್ಲ.

ಪಕ್ಕದ ಆಸ್ಟ್ರಿಯಾದಲ್ಲಿ 1979ರಲ್ಲಿ 677 ಮಂದಿ ಈ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. 1981ರಲ್ಲಿ ಲಸಿಕೆ ಅಭಿಯಾನ ಶುರುವಾದ ಮೇಲೆ ಸಂಖ್ಯೆ ಸರ್ರನೆ ಇಳಿಯಿತು. ಇದಕ್ಕಿಂತ ಜಾಸ್ತಿ ವಾದ ನನ್ನಲ್ಲಿಲ್ಲ.

ಇನ್ನೊಂದು, ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಲಸಿಕೆ ಹಾಕಿಸಿದರೆ ಊರಿನ ಮಂಗನ ಕಾಯಿಲೆಗೂ ಆಯ್ತಾ? ಇಲ್ಲ. ಎರಡೂ ವೈರಸ್ಸುಗಳು ದಾಯಾದಿಗಳು, ನಿಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಸಿಕ್ಕ ವೈರಸ್ ರಷ್ಯಾದ ಉಣುಗಿನ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾಯಿತು. ಆ ರಷ್ಯಾದ ಕಾಯಿಲೆಯ ಲಸಿಕೆಯನ್ನೇ ನಮ್ಮ ಮಲೆನಾಡಿನವರಿಗೆ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ.

ಹಾಗಾಗಿ ಕ್ರಿಸ್‌ಮಸ್ ರಜೆಗೆ ಸಾಗರ, ತೀರ್ಥಹಳ್ಳಿ ಕಡೆ ಹೋಗುವವರೇ, ಅಲ್ಲಿ ಉಣುಗಿನ ಕಾಲ ಶುರುವಾಗುವುದೇ ಆ ಹೊತ್ತಿಗೆ. ಮರಿ ಉಣುಗು ಎಳ್ಳಿಗಿಂತ ದೊಡ್ಡದಿರುವುದಿಲ್ಲ. ತೋಟ, ಕಾಡಂಚಿನಲ್ಲಿ ಆಡಿ ಬಂದ ಮಕ್ಕಳಿಗೆ ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ಬಿಡದೆ ನೋಡಿ. ಅಜ್ಜಿಗೂ ಹೇಳಿಡಿ.