ಹವಳದಲ್ಲಿ ಕಾಣೆಯಾದ ಜೀನ್

2011ರಲ್ಲಿ ಜಪಾನಿನ ಒಕಿನಾವಾದ ವಿಜ್ಞಾನಿಗಳು ಮೊದಲ ಸಲ ಒಂದು ಕಲ್ಲುಹವಳದ ಜೀನೋಮನ್ನು, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹವನ್ನು, ಓದಿ ಪ್ರಕಟಿಸಿದರು. ಅದು ಅಕ್ರೊಪೊರಾ ಡಿಜಿಟಿಫೆರಾ. ಮಿದುಳೇ ಇಲ್ಲದ ಈ ಪ್ರಾಣಿಯಲ್ಲಿ ಸುಮಾರು 23,700 ಜೀನ್‌ಗಳು ಸಿಕ್ಕವು. ನಮ್ಮಲ್ಲಿ ಪ್ರೋಟೀನು ಕಟ್ಟುವ ಜೀನ್‌ಗಳು 20,000ದ ಆಸುಪಾಸು. ಆದರೆ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು ಕುತೂಹಲ ಹುಟ್ಟಿಸಿತು. ಸಿಸ್ಟೀನ್ ಎಂಬ ಅಮೈನೋ ಆಮ್ಲ ತಯಾರಿಸಲು ಬೇಕಾದ ಒಂದು ಕಿಣ್ವದ ಜೀನ್ ಅದರಲ್ಲಿ ಕಾಣಲಿಲ್ಲ.

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಲ್ಲಿ ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ. ಸಿಸ್ಟೀನೂ ಅದರ ಜೊತೆಗೇ ಬರುತ್ತಿರಬೇಕು ಅಂತ ಊಹಿಸಿದರು. ಒಪ್ಪುವಂಥ ಊಹೆಯೇ, ಅಲ್ವಾ? ಆದರೆ 2022ರಲ್ಲಿ ಸೌದಿ ಅರೇಬಿಯಾದ ತಂಡವೊಂದು ಇನ್ನೊಂದು ಅಕ್ರೊಪೊರಾ ಜಾತಿಯಲ್ಲಿ ಸಿಸ್ಟೀನ್ ತಯಾರಿಸುವ ಬೇರೆಯೇ ದಾರಿ ಕಂಡುಹಿಡಿಯಿತು. ಶಿಲೀಂಧ್ರಗಳಲ್ಲಿ ಇರುವಂಥ ದಾರಿ ಅದು. ಹವಳದ ಆ ಜೀನ್‌ಗಳನ್ನು ಯೀಸ್ಟಿನೊಳಗೆ ಹಾಕಿ ನೋಡಿದರು, ಕೆಲಸ ಮಾಡಿದವು! ಇಲಿಯಲ್ಲಿ, ನೊಣದಲ್ಲಿ ಈ ದಾರಿ ಇಲ್ಲ. ಲ್ಯಾಬುಗಳಲ್ಲಿ ಜಾಸ್ತಿ ಓದಿದ್ದು ಅವನ್ನೇ ಆದ್ದರಿಂದ ಇದು ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಜೀನ್ ಇಲ್ಲ ಅಂದ ಮಾತ್ರಕ್ಕೆ ಆ ಕೆಲಸವೇ ನಡೆಯುವುದಿಲ್ಲ ಅನ್ನುವಂತಿಲ್ಲ.

ಹವಳದ ವಂಶದಲ್ಲೂ ಇಂಥದೇ ಒಂದು ಖಾಲಿ ಜಾಗವಿದೆ. ಕಲ್ಲುಹವಳದ ಪಳೆಯುಳಿಕೆಗಳು ಧಾರಾಳವಾಗಿ ಸಿಗುವುದು ಸುಮಾರು 24 ಕೋಟಿ ವರ್ಷಗಳಿಂದೀಚೆಗೆ. ಜೀನ್‌ಗಳ ಲೆಕ್ಕ ಹಾಕಿದರೆ ವಂಶ 40 ಕೋಟಿ ವರ್ಷ ದಾಟುತ್ತದೆ. ನಡುವೆ ಅವು ಸುಣ್ಣದ ಕಲ್ಲು ಕಟ್ಟದೆ ಬರಿಮೈಯಲ್ಲಿ ಬದುಕಿರಬಹುದು ಎಂಬ ವಾದವಿದೆ. 2007ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗ ಈ ವಾದಕ್ಕೆ ಬಲ ಕೊಡುತ್ತದೆ. ಆಮ್ಲೀಯತೆ ಹೆಚ್ಚಿಸಿದ ನೀರಿನಲ್ಲಿ ಎರಡು ಜಾತಿಯ ಹವಳಗಳ ಕಲ್ಲು ಕರಗಿಹೋಯಿತು, ಪ್ರಾಣಿ ಮಾತ್ರ ಬದುಕಿತು. ಮಾಮೂಲಿ ಸಮುದ್ರದ ನೀರಿಗೆ ಮರಳಿಸಿದಾಗ ಮತ್ತೆ ಕಲ್ಲು ಕಟ್ಟಿತು.

ಹಾಗಂತ ಸುಮ್ನೆ ಕೂರುವಂತಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಸರಕು ಹೊತ್ತ ಮಂಜಿಗಳು (ಮರದ ಹಡಗುಗಳು) ಹೋಗುವ ಲಕ್ಷದ್ವೀಪದ ನೆಲವೇ ಹವಳದ ಸುಣ್ಣ. 1956ರವರೆಗೆ ಅಮಿನಿ, ಕಡಮತ್ ದ್ವೀಪಗಳು ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಅವು ಪರವೂರಲ್ಲ ನಮಗೆ. 1998, 2010, 2016ರಲ್ಲಿ ಆ ಸಮುದ್ರ ಬಿಸಿಯಾಗಿ, ಹವಳಗಳು ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡವು. ಎಷ್ಟೋ ಸತ್ತವು. ಬರಿಮೈಯ ಹವಳ ಉಳಿದರೂ ಅಲೆ ತಡೆಯುವ ಸುಣ್ಣದ ದಿಬ್ಬ ಕಟ್ಟುವುದಿಲ್ಲ. ದಿಬ್ಬ ಸವೆದರೆ ಮಳೆಗಾಲದ ಅಲೆಗಳು ನೇರ ದಡಕ್ಕೇ ಬಂದು ಬಡಿಯುತ್ತವೆ.