ಹಾಲು ನಿಂತಿತು, ಲೇಹ ನಿಲ್ಲಲಿಲ್ಲ

ಮಗುವಿಗೆ ವರ್ಷ ದಾಟಿದ ಮೇಲೆ ನನ್ನ ಬಳಿ ಬರುವ ಅಮ್ಮಂದಿರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಹೆರಿಗೆ ಆದಾಗಲೂ ಇಷ್ಟು ದಪ್ಪ ಇರ್ಲಿಲ್ಲ. ಹಾಲು ಬಿಡಿಸಿದ ಮೇಲೆ ಏರ್ತಾ ಹೋಯ್ತು. ಥೈರಾಯ್ಡ್ ಇರ್ಬೇಕು." ಕೈಯಲ್ಲಿ ಫೈಲು. ಫೈಲಿನಲ್ಲಿ ಥೈರಾಯ್ಡ್ ರಿಪೋರ್ಟು, ನಾರ್ಮಲ್. ನಾರ್ಮಲ್ ಬಂತು ಅಂತ ಕೆಲವರಿಗೆ ಬೇಜಾರು ಬೇರೆ!

ಮಂಗಳೂರಿನಲ್ಲಿ ಡಯಟೀಷಿಯನ್ ಆಗಿ ಕೂತವಳಿಗೆ ಗೋಳಿಬಜೆ, ಬನ್ಸ್ ಕಡಿಮೆ ಮಾಡಿ ಅಂತ ಬರೆಯುವುದು ಸುಲಭ. ಅದು ನಿಮಗೂ ಗೊತ್ತು. ನಾನು ಹೇಳಬೇಕಾದದ್ದು ಬೇರೆ ಉಂಟು. ಹೇಳಿ ಹೇಳಿ ಗಂಟಲು ಒಣಗಿದ ವಿಷಯ.

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕು. ಎದೆಹಾಲು ಕುಡಿಸುವ ಮೊದಲ 6 ತಿಂಗಳು ಅದರ ಮೇಲೆ ಇನ್ನೂ 600. ನಂತರದ 6 ತಿಂಗಳು 520. ಇದು ಸಣ್ಣ ಮೊತ್ತವಲ್ಲ, ಒಂದು ಹೊತ್ತಿನ ಒಳ್ಳೆ ಊಟದಷ್ಟು. ಹಾಗಾಗಿ ಮೆಂತೆ ಗಂಜಿ, ತುಪ್ಪ, ಲೇಹ ಅಂತ ಬಾಣಂತಿಗೆ ತಿನ್ನಿಸಿದ ನಮ್ಮ ಅಜ್ಜಿಯರು ದಡ್ಡರಾಗಿರಲಿಲ್ಲ. ಆಗ ಬೇಕಿತ್ತು, ಕೊಟ್ಟರು.

ಆದರೆ ಆ 600 ಹಾಲಿನ ಪಾಲು. ಹಾಲು ಇರುವಷ್ಟು ದಿನ ಮಾತ್ರ. ಮಗುವಿಗೆ 6 ತಿಂಗಳಾಗಿ ರಾಗಿ ಮಣ್ಣಿ ಶುರುವಾದಾಗ ಹಾಲು ಸ್ವಲ್ಪ ಕಡಿಮೆ ಕುಡಿಯುತ್ತದೆ. ಅಮ್ಮನಿಗೆ ಬೇಕಾದದ್ದೂ ಅಷ್ಟು ಕಡಿಮೆಯಾಗುತ್ತದೆ. ರಾತ್ರಿ ಕುಡಿಯುವುದು ನಿಂತಾಗ ಇನ್ನಷ್ಟು ಕಡಿಮೆ. ಪೂರ್ತಿ ಬಿಡಿಸಿದ ದಿನ ಆ ಪಾಲು ಸೊನ್ನೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕಲು ಒಂದು ದಿನ ಉಂಟು, ಹೆಸರಿಡಲು ಒಂದು ದಿನ ಉಂಟು, 40ನೇ ದಿನದ ಸ್ನಾನ ಉಂಟು. ಬಾಣಂತಿಯ ಬಟ್ಟಲು ಇವತ್ತಿಗೆ ಮುಗಿಯಿತು ಅಂತ ಹೇಳುವ ದಿನ ಮಾತ್ರ ಇಲ್ಲ. ಯಾರೂ ಹೇಳುವುದಿಲ್ಲ, ಹಾಗಾಗಿ ಅದು ನಿಲ್ಲುವುದಿಲ್ಲ.

ಇದನ್ನು ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ "ಆದ್ರೆ ನಾನು ಜಾಸ್ತಿ ತಿನ್ನೋದೇ ಇಲ್ಲ" ಅನ್ನುತ್ತಾರೆ. ಅಯ್ಯೋ ಮಾರಾಯ್ರೆ, ಜಾಸ್ತಿ ತಿನ್ನುತ್ತೀರಿ ಅಂತ ನಾನು ಹೇಳಲೇ ಇಲ್ಲ. ಮೊದಲು ತಿನ್ನುತ್ತಿದ್ದಷ್ಟೇ ತಿನ್ನುತ್ತಿದ್ದೀರಿ. ತೊಂದರೆ ಇರುವುದೇ ಅಲ್ಲಿ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ಮಗುವಿಗೆ 14 ತಿಂಗಳು, ಹಾಲು ಬಿಡಿಸಿ ಆಗಿತ್ತು. ಜೊತೆಗೆ ಅವರ ಅಮ್ಮ, ಕಾರ್ಕಳದ ಕಡೆಯವರು, ಬಸ್ಸಿಳಿದು ಸೀದಾ ಬಂದಿದ್ದರು. "ಅವಳದ್ದು ಎಂತ ಉಂಟು ಊಟ? ಮಧ್ಯಾಹ್ನ ಒಂದು ಬಟ್ಟಲು ಗಂಜಿ, ಅಷ್ಟೇ." ಅಮ್ಮನದ್ದೇ ಉತ್ತರ, ಮಗಳಿಗೆ ಮಾತಾಡಲು ಬಿಡುವಿಲ್ಲ. ಲೇಹ ಕೊಡ್ತೀರಾ ಅಂತ ಕೇಳಿದೆ. "ಅದು ಮದ್ದಲ್ವಾ?" ಅಂದರು.

ಮದ್ದಿಗೆ ಲೆಕ್ಕ ಇಲ್ಲ. ನಾನು ಪಟ್ಟಿ ಬರೆಯಿರಿ ಅಂದರೆ ಇಡ್ಲಿ ಬರೆಯುತ್ತಾರೆ, ಚಾ ಬರೆಯುತ್ತಾರೆ. ಲೇಹ ಬರೆಯುವುದಿಲ್ಲ.

ಅದೃಷ್ಟಕ್ಕೆ ಬಾಟ್ಲಿ ಅವರ ಚೀಲದಲ್ಲೇ ಇತ್ತು, ಮಗಳಿಗೆ ಅಂತ ತಂದದ್ದು. ನನ್ನ ಮೇಜಿನ ಮೇಲೆ ಸಣ್ಣ ತಕ್ಕಡಿ, ಒಂದು ಊಟದ ಚಮಚ ಯಾವಾಗಲೂ ಇರುತ್ತದೆ. ಮನೆಯಲ್ಲಿ ಹೇಗೋ ಹಾಗೆ ಹಾಕಿ ಅಂದೆ. ಅವರು ಚಮಚ ತುಂಬಿದರು. ಅಂಚಿನಿಂದ ಇಳಿಯುತ್ತಿದ್ದದ್ದನ್ನು ಬೆರಳಿನಲ್ಲಿ ಒತ್ತಿ ಮೇಲಕ್ಕೆ ಕೂರಿಸಿದರು. ಆಮೇಲೆ ಒಂದು ಚೂರು, "ಇಷ್ಟು" ಅಂತ. 46 ಗ್ರಾಂ. ಬೆಲ್ಲ, ತುಪ್ಪ, ತೆಂಗಿನಹಾಲು ಹಾಕಿ ಕಾಯಿಸಿದ ಲೇಹ. ಸುಮಾರು 200 ಕ್ಯಾಲೊರಿ ಅಂತ ಹಿಡಿಯಬಹುದು. ಬೆಳಿಗ್ಗೆ ಒಂದು, ರಾತ್ರಿ ಒಂದು. ಮಲಗುವ ಮೊದಲು ತುಪ್ಪ ಹಾಕಿದ ಹಾಲು ಬೇರೆ. ಮಗು ಬಿಟ್ಟ ಮಣ್ಣಿ ಚೆಲ್ಲಲು ಮನಸ್ಸು ಬಾರದೆ ಅಮ್ಮನ ಹೊಟ್ಟೆಗೆ. ಕೂಡಿಸಿದರೆ, ಹಾಲು ಕುಡಿಸುವಾಗ ಬೇಕಿದ್ದ ಆ 500–600 ಪೂರ್ತಿ ಅಲ್ಲೇ ಇತ್ತು. ಕುಡಿಯುವ ಮಗು ಮಾತ್ರ ಇರಲಿಲ್ಲ.

"ಹಾಗಾದ್ರೆ ಬಾಣಂತಿಗೆ ಕೊಡ್ಬಾರ್ದಾ?" ಅವರಿಗೆ ಸಿಟ್ಟು ಬಂದಿತ್ತು. ಬಾಣಂತಿಗೆ ಕೊಡಿ ಅಮ್ಮ, ಇವರು ಈಗ ಬಾಣಂತಿ ಅಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಚ್ಚಳ ಬಿಗಿ ಮಾಡಿದರು. "ಸೊಸೆಗೆ ಏಳು ತಿಂಗಳು. ಅವಳಿಗಾಯ್ತು." ಮೊದಲು ಹೆರಿಗೆ ಆಗ್ಲಿ ಅಂತ ಹೇಳಿ ಕಳಿಸಿದೆ. ಇಂಥ ಅಮ್ಮಂದಿರ ಮೇಲೆ ನನಗೆ ಕೋಪ ಬರುವುದಿಲ್ಲ. ಮೂರು ತಿಂಗಳು ಬಿಸಿನೀರು ಹೊಯ್ದು, ಎಣ್ಣೆ ತಿಕ್ಕಿ, ರಾತ್ರಿ ಮಗುವನ್ನು ಎತ್ತಿಕೊಂಡು ಕೂತವರು ಅವರೇ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅನ್ನುತ್ತಾರೆ. ದಿನಕ್ಕೆ 200 ಜಾಸ್ತಿ ಆದರೆ ತಿಂಗಳಿಗೆ 6,000. ದೇಹದ ಲೆಕ್ಕ ಕಾಗದದ ಲೆಕ್ಕದಷ್ಟು ನೇರ ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ. ಆದರೂ ತೂಕ ಎಲ್ಲಿಂದ ಬರುತ್ತಿದೆ ಅಂತ ಅಂದಾಜು ಸಿಗುತ್ತದೆ.

ಇನ್ನು ಇದನ್ನು ಕೇಳಿ ಮನೆಗೆ ಹೋಗಿ ಮರುದಿನವೇ ರಾತ್ರಿ ಊಟ ಬಿಡುವವರು. ಮಗುವಿಗೆ ಮೂರೇ ತಿಂಗಳು, ತಮ್ಮನ ಮದುವೆ ಹತ್ತಿರ ಬಂತು, ಬ್ಲೌಸ್ ಹಿಡಿಯುವುದಿಲ್ಲ. ದಯವಿಟ್ಟು ಬೇಡ. ಹೆರಿಗೆಯಾದ ಮೊದಲ ಎರಡು ತಿಂಗಳು ತೂಕ ಇಳಿಸುವ ಮಾತೇ ಬೇಡ. ಆಮೇಲೂ ಹಾಲು ಕುಡಿಸುತ್ತಿದ್ದರೆ ವಾರಕ್ಕೆ ಅರ್ಧ ಕಿಲೋಗಿಂತ ಜೋರಾಗಿ ಇಳಿಯುವುದು ಬೇಡ. ಅನ್ನ ಬಿಟ್ಟ ವಾರದಲ್ಲೇ ಎರಡು ಕಿಲೋ ಇಳಿಯಿತು ಅಂತ ಖುಷಿಪಡುವವರಿಗೆ ಹೇಳುವುದಾದರೆ, ಅದರಲ್ಲಿ ಜಾಸ್ತಿ ಪಾಲು ನೀರು. ಮದುವೆಯ ಊಟ, ಮರುದಿನದ ಕೋರಿ ರೊಟ್ಟಿ ಮುಗಿಯುವಷ್ಟರಲ್ಲಿ ವಾಪಸ್ ಬರುತ್ತದೆ.

ಕುಚ್ಚಲಕ್ಕಿ ಬಿಟ್ಟು ಚಪಾತಿ ಶುರು ಮಾಡಿದ್ದೇನೆ ಅನ್ನುವವರೂ ಬಹಳ. ನೂರು ಗ್ರಾಂ ಅಕ್ಕಿ, ನೂರು ಗ್ರಾಂ ಗೋಧಿ ಹಿಟ್ಟು, ಕ್ಯಾಲೊರಿ ಹತ್ತಿರ ಹತ್ತಿರ ಒಂದೇ. ಚಪಾತಿಗೆ ಎಣ್ಣೆ ಸವರಿದರೆ ಅದೇ ಮುಂದೆ. ಹುಟ್ಟಿದಾಗಿನಿಂದ ತಿಂದ ಗಂಜಿಯನ್ನು ಎಷ್ಟು ದಿನ ಬಿಟ್ಟಿರ್ತೀರಿ? ಗಂಜಿ ಇರಲಿ, ಬಟ್ಟಲು ಸ್ವಲ್ಪ ಸಣ್ಣದಾಗಲಿ. ಪಕ್ಕದಲ್ಲಿ ಬಸಳೆ, ಹೆಸರುಕಾಳು, ಬಂಗುಡೆ ಸಾರು ಇರಲಿ. ಜೂನ್, ಜುಲೈನಲ್ಲಿ ಟ್ರಾಲಿಂಗ್ ನಿಷೇಧ ಇರುವಾಗ ಮೀನು ದುಬಾರಿ. ಆಗ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಹಲಸಿನ ಚಿಪ್ಸ್‌ನಲ್ಲಿ ಊಟ ಮುಗಿಯುತ್ತದೆ. ಮೊಟ್ಟೆ, ಹುರುಳಿ ಸಾರು ಮರೀಬೇಡಿ. ಮಳೆಗೆ ಕದ್ರಿ ಪಾರ್ಕಿನ ವಾಕಿಂಗೂ ನಿಲ್ಲುತ್ತದೆ ಅಲ್ವಾ, ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರಿದು. ಚಾವಡಿಯಲ್ಲೇ ಮಗುವನ್ನು ಎತ್ತಿಕೊಂಡು ನಡೆದರೂ ಆಯ್ತು.

ಇಳಿದ ತೂಕ ಉಳಿಯಬೇಕಾದರೂ ಇದೇ ಲೆಕ್ಕ. 70 ಕಿಲೋದ ದೇಹ ನಡೆಸಲು ಬೇಕಾದಷ್ಟು 62 ಕಿಲೋದ ದೇಹಕ್ಕೆ ಬೇಡ. ಇಳಿದಾಯ್ತು, ಇನ್ನು ಮೊದಲಿನ ಹಾಗೆ ತಿನ್ನಬಹುದು ಅಂದರೆ ಮೊದಲಿನ ತೂಕವೇ ಬರುತ್ತದೆ. ಹಾಗಾಗಿ ಬರುವ ದೀಪಾವಳಿಗೂ ತಿನ್ನುತ್ತಾ ಇರಲು ಆಗದ ಚಾರ್ಟನ್ನು ನಾನು ಬರೆದುಕೊಡುವುದಿಲ್ಲ. ನೀವೂ ಕೇಳಬೇಡಿ.

ಅಪ್ಪಂದಿರಿಗೆ ಒಂದೇ ಮಾತು. ನೀವು ಹಾಲು ಕುಡಿಸಲಿಲ್ಲ, ಲೇಹ ಮಾತ್ರ ಜೊತೆಗೆ ತಿಂದಿರಿ. ಮಗು ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಮಿಕ್ಸ್‌ಚರ್ ಡಬ್ಬಿ ಖಾಲಿ ಮಾಡುವುದೂ ಗೊತ್ತುಂಟು. ಅದರ ಬದಲು ರಾತ್ರಿ ಒಂದು ಸಲ ಮಗುವನ್ನು ನೀವು ನೋಡಿಕೊಳ್ಳಿ, ಹೆಂಡತಿ ನಿದ್ದೆ ಮಾಡಲಿ. ನಿದ್ದೆಗೆಟ್ಟವರಿಗೆ ಹಸಿವು ಜಾಸ್ತಿ, ಸಿಹಿಯ ಆಸೆ ಇನ್ನೂ ಜಾಸ್ತಿ.

ಥೈರಾಯ್ಡ್ ಅಂತ ಹೇಳಿದವರನ್ನೆಲ್ಲ ನಾನು ನಗಾಡಿ ಕಳಿಸುವುದಿಲ್ಲ. ಹೆರಿಗೆಯ ನಂತರದ ವರ್ಷದಲ್ಲಿ ಕೆಲವರಿಗೆ ಅದು ನಿಜವಾಗಿ ಏರುಪೇರಾಗುತ್ತದೆ. ತುಂಬ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಬಸುರಿಯಿದ್ದಾಗ ಶುಗರ್ ಬಂದವರು ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಮ್ಮೆ ನೋಡಿಸಬೇಕು, ತುಂಬ ಜನ ಇದನ್ನು ಬಿಟ್ಟೇ ಬಿಡುತ್ತಾರೆ. ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅನ್ನುವವರು ಮೊದಲು ಹೆರಿಗೆ ಮಾಡಿಸಿದ ಡಾಕ್ಟರರನ್ನು ಕಾಣಿ. ಅಂಥವರನ್ನು ನಾನು ಚಾರ್ಟ್ ಕೊಡದೆ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಚಾರ್ಟಿಗೆ ಆಮೇಲೆ ಬಂದರಾಯ್ತು.