ತೂಕ ಕಲಿಸುವ ಸೊಳ್ಳೆ: ವಿನ್ಸರ್ ಮೆಕೇ, 1912

ಅನಿಮೇಷನ್ ಚರಿತ್ರೆಯಲ್ಲಿ ಅಮೆರಿಕದ ಪತ್ರಿಕಾ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಹೆಸರು ಬಂದ ಕೂಡಲೇ ನಾವು 1914ರ ಗರ್ಟಿ ಎಂಬ ಡೈನೋಸಾರ್‌ಗೆ ಹೋಗಿಬಿಡುತ್ತೇವೆ. ಗೆರೆಯ ಪಾತ್ರಕ್ಕೆ ಸ್ವಭಾವ ಬಂದದ್ದು ಅಲ್ಲಿಂದ ಎಂದು ನಾನೂ ಬರೆದಿಟ್ಟುಕೊಂಡಿದ್ದೆ. ಎರಡು ವರ್ಷ ಮೊದಲಿನ ಅವರದೇ ಚಿತ್ರ 'ಹೌ ಎ ಮಸ್ಕಿಟೊ ಆಪರೇಟ್ಸ್' ನೋಡಿದ ಮೇಲೆ ಆ ಸಾಲು ಹೊಡೆದುಹಾಕಿದೆ.

ಕಥೆ ಇಷ್ಟೇ. ಮಲಗಲು ಹೊರಟ ಒಬ್ಬನ ಹಿಂದೆಯೇ ಬಾಗಿಲ ಮೇಲಿನ ಕಿಂಡಿಯಿಂದ ದೈತ್ಯ ಸೊಳ್ಳೆಯೊಂದು ನುಗ್ಗುತ್ತದೆ. ತಲೆಗೆ ಟಾಪ್ ಹ್ಯಾಟ್, ಜೊತೆಗೊಂದು ಕೈಚೀಲ. ಅವನು ನಿದ್ದೆಯಲ್ಲೇ ಕೈ ಬೀಸಿ ಓಡಿಸಿದಷ್ಟೂ ಮರಳಿ ಬಂದು ರಕ್ತ ಹೀರುತ್ತದೆ, ಕೊನೆಗೆ ಹೊಟ್ಟೆಯೊಡೆದು ಸಾಯುತ್ತದೆ. (ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೆಕೇ ಅದಕ್ಕೆ ಗಂಡಸಿನ ಟೋಪಿ ತೊಡಿಸಿದ್ದಾರೆ.)

ನೋಡಬೇಕಾದದ್ದು ಆ ಹೊಟ್ಟೆಯನ್ನು. ಕಾಗದದ ಮೇಲಿನ ಗೆರೆಗೆ ತೂಕವಿಲ್ಲ. ನೋಡುವವರಿಗೆ ತೂಕ ತಿಳಿಯುವುದು ಸಮಯದಿಂದ, ಅಂದರೆ ಒಂದು ವಸ್ತು ಏಳಲು ಎಷ್ಟು ಹೊತ್ತು ತೆಗೆದುಕೊಂಡಿತು, ಎಷ್ಟು ಬೇಗ ಕುಸಿಯಿತು ಎಂಬುದರಿಂದ. ಮೊದಲು ಹಗುರಾಗಿ ಹಾರಾಡುವ ಸೊಳ್ಳೆಗೆ ಗುಟುಕು ಗುಟುಕಿಗೂ ಮೈ ಭಾರವಾಗುತ್ತದೆ. ಒಂದು ಹಂತದಲ್ಲಿ ಕುಡಿದದ್ದು ಹೆಚ್ಚಾಗಿ ಮಲಗಲೇಬೇಕಾಗುತ್ತದೆ. ಆದರೂ ಆಸೆ ಬಿಡದು. ಇಲ್ಲಿ ತೂಕ ಮತ್ತು ಸ್ವಭಾವ ಬೇರೆಬೇರೆ ಪಾಠಗಳಲ್ಲ, ದುರಾಸೆಯೇ ಹೊಟ್ಟೆಯಾಗಿ ಬೆಳೆಯುತ್ತಿದೆ. ಸಾಣೆಕಲ್ಲಿನ ಮೇಲೆ ಸೊಂಡಿಲು ಮಸೆಯುವಾಗ, ನಮ್ಮತ್ತ ತಿರುಗಿ ಕೈ ಬೀಸುವಾಗ, ಅದು ಯೋಚಿಸುತ್ತಿದೆ ಎಂದೇ ಅನಿಸುತ್ತದೆ.

ಫ್ರಾನ್ಸಿನ ಎಮಿಲ್ ಕೋಲ್ ಅವರ 1908ರ ಅನಿಮೇಷನ್ ಚಿತ್ರ 'ಫ್ಯಾಂಟಸ್ಮಗೋರಿ'ಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಬಾಟಲಿ ಹೂವಾಗುತ್ತದೆ, ಯಾವುದು ಬೇಕಾದರೂ ಏನಾದರೂ ಆಗಬಹುದು. ಆ ಸ್ವಾತಂತ್ರ್ಯ ನನಗೂ ಪ್ರೀತಿ. ಆದರೆ ಅಲ್ಲಿ ಯಾವುದಕ್ಕೂ ಏಟು ತಗಲುವುದಿಲ್ಲ. ಮೆಕೇ ಸೊಳ್ಳೆ ಕೊನೆತನಕ ಅದೇ ಸೊಳ್ಳೆ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ, ಅದಕ್ಕೇ ಅದು ಒಡೆದಾಗ ಎದೆ ಧಸಕ್ಕೆನ್ನುತ್ತದೆ.

ಇದಕ್ಕೆ ಮೆಕೇ ತೆಳುವಾದ ರೈಸ್ ಪೇಪರ್ ಮೇಲೆ ಬರೆದದ್ದು ಸುಮಾರು 6,000 ಚಿತ್ರ. ಸೆಕೆಂಡಿಗೆ 16ರಂತೆ ಭಾಗಿಸಿದರೆ 375 ಸೆಕೆಂಡು, ಆರು ನಿಮಿಷದ ಮೇಲೊಂದಿಷ್ಟು. ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆಯುವ ವಿಧಾನಕ್ಕೆ ಅರ್ಲ್ ಹರ್ಡ್ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು 1914ರಲ್ಲಿ, ಅಂದರೆ ಈ ಚಿತ್ರದ ನಂತರ. ಕೆಳಗಿಟ್ಟ ಹಿಂದಿನ ಚಿತ್ರ ತೆಳು ಹಾಳೆಯ ಮೂಲಕ ಕಾಣುತ್ತಿದ್ದುದೇ ಮೆಕೇಗೆ ಆಧಾರ. ಪತ್ರಿಕೆಯ ಕೆಲಸದ ನಡುವೆ ಇಷ್ಟನ್ನೂ ಮಾಡಿದರಲ್ಲ ಎಂದು ನೆನೆದಾಗ ಗೌರವ ಹೆಚ್ಚುತ್ತದೆ.

ಅಭ್ಯಾಸಕ್ಕೆ: ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ ಹೊಟ್ಟೆಯ ಮೇಲೆ ಮಾತ್ರ ಕಣ್ಣಿಡಿ. ಅದು ಹಿಗ್ಗಿದಂತೆ ಚಲನೆ ಎಲ್ಲೆಲ್ಲಿ ನಿಧಾನವಾಯಿತು ಎಂದು ಫ್ರೇಮ್ ಎಣಿಸಿ ಗುರುತು ಹಾಕಿ. ಮೂರನೆಯ ಸಲ ಮಲಗಿದವನ ಮುಖ.

ಅಂದಿನ ಪ್ರೇಕ್ಷಕರು ಚಿತ್ರವನ್ನು ಮೆಚ್ಚಿದರು, ಆದರೆ ಬರೆದ ಗೆರೆ ಹೀಗೆ ಚಲಿಸುವುದು ಸಾಧ್ಯವೆಂದು ನಂಬಲಿಲ್ಲ. ತಂತಿ ಕಟ್ಟಿ ಆಡಿಸಿರಬೇಕು ಎಂದು ಶಂಕಿಸಿದರು. ಎಲ್ಲೂ ಹಿಡಿದು ತಂದು ಕ್ಯಾಮೆರಾ ಮುಂದೆ ನಿಲ್ಲಿಸಲಾಗದ ಡೈನೋಸಾರ್ ಬರೆದ ಮೇಲೆಯೇ ಅವರಿಗೆ ಅದು ಚಿತ್ರವೆಂದು ಖಾತ್ರಿಯಾದದ್ದು.